ಕೂಲಿಗೆ ನ್ಯಾಯದ ಅಳತೆಗೋಲು ಕೊಟ್ಟ ಜಗದ್ಗುರು ಹದಿಮೂರನೆಯ ಲಿಯೋ

ಅಗ್ರಹಾರ ಎಂಬುದು ಮೈಸೂರಿನವರಿಗೆ ಒಂದು ಬಡಾವಣೆಯ ಹೆಸರು, ಒಂದು ವೃತ್ತದ ಹೆಸರು. ಆದರೆ ಆ ಶಬ್ದದ ಹಿಂದೆ ಒಂದು ಹಳೆಯ ಏರ್ಪಾಡು ಇದೆ. ಹಿಂದಿನ ಅರಸರು ವಿದ್ವಾಂಸರಿಗೆ ಮನೆಯನ್ನೂ ಭೂಮಿಯ ಹುಟ್ಟುವಳಿಯನ್ನೂ ದಾನವಾಗಿ ಕೊಟ್ಟು, ಅವರು ಹೊಟ್ಟೆಪಾಡಿನ ಚಿಂತೆಯಿಲ್ಲದೆ ಅಧ್ಯಯನ ಅಧ್ಯಾಪನಗಳಲ್ಲಿ ತೊಡಗಲೆಂದು ನೆಲೆಗೊಳಿಸಿದ ಕೇರಿಯೇ ಅಗ್ರಹಾರ. ಒಂದು ಕೆಲಸ ಚೆನ್ನಾಗಿ ನಡೆಯಬೇಕಾದರೆ ಅದನ್ನು ಮಾಡುವವನ ಸಂಸಾರ ಮೊದಲು ಉಣ್ಣಬೇಕು ಎಂಬ ತಿಳಿವಳಿಕೆ ಆ ಏರ್ಪಾಡಿನ ಬುಡದಲ್ಲಿತ್ತು. ಆ ತಿಳಿವಳಿಕೆ ಓದುವವರ ಕೇರಿಯನ್ನು ದಾಟಿ ಗುಡಿಸುವವರ, ಹೊರುವವರ, ಕಟ್ಟುವವರ ಕೇರಿಗೆ ಬರಲು ಬಹುಕಾಲ ಹಿಡಿಯಿತು.

ಇಂದಿನ ಅಗ್ರಹಾರದಲ್ಲಿ ಅಂಗಡಿಗಳಿವೆ, ಹೋಟೆಲುಗಳಿವೆ. ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುವ ಹುಡುಗ, ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆಯುವ ಹೆಂಗಸು, ಮೂರು ನಾಲ್ಕು ಮನೆಗಳಲ್ಲಿ ಕಸಮುಸುರೆ ಮಾಡಿ ಮಧ್ಯಾಹ್ನ ತನ್ನ ಮನೆಗೆ ಮರಳುವ ತಾಯಿ, ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರು - ಇವರೆಲ್ಲರ ದುಡಿಮೆಯಿಂದ ಆ ಬಡಾವಣೆಯ ದಿನಚರಿ ಸಾಗುತ್ತದೆ. ಇಂಥವರ ವೇತನ ಕನಿಷ್ಠ ಎಷ್ಟಿರಬೇಕು ಎಂಬುದು 2025ರ ಏಪ್ರಿಲ್ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ದೊಡ್ಡ ಚರ್ಚೆಯ ವಿಷಯವಾಯಿತು. ಕಾರ್ಮಿಕ ಇಲಾಖೆಯು ಪ್ರಕಟಿಸಿದ ಕರಡು ಅಧಿಸೂಚನೆಯು ರಾಜ್ಯವನ್ನು ಮೂರು ವಲಯಗಳಾಗಿ ವಿಂಗಡಿಸಿ, ಅತಿ ಕಡಿಮೆ ದರದ ವಲಯದ ಅಕುಶಲ ಕೆಲಸಗಾರರಿಗೂ ತಿಂಗಳಿಗೆ 19,000 ರೂಪಾಯಿಗಿಂತ ಹೆಚ್ಚಿನ ವೇತನವನ್ನು ಸೂಚಿಸಿತು. ಕಾರ್ಮಿಕ ಸಂಘಗಳು ಇದು ಬಹುದಿನಗಳ ಬೇಡಿಕೆಯೆಂದವು. ಉದ್ಯಮಿಗಳ ಸಂಘಗಳು ಈ ಭಾರವನ್ನು ಹೊರಲಾಗದೆಂದು ಆಕ್ಷೇಪ ಎತ್ತಿದವು.

ಇದರ ಬೆನ್ನಿಗೇ, ಅದೇ ವರ್ಷದ ಮೇ 8ರಂದು, ರೋಮಿನಲ್ಲಿ ಹೊಸ ಜಗದ್ಗುರುಗಳ ಆಯ್ಕೆಯಾಯಿತು. ಅವರು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಧರಿಸಿದರು. ತಾವು ಆ ಹೆಸರನ್ನು ಆರಿಸಿಕೊಳ್ಳಲು ಮುಖ್ಯ ಕಾರಣ, ಕಾರ್ಮಿಕರ ಪ್ರಶ್ನೆಯನ್ನು ಎತ್ತಿಕೊಂಡ ಹದಿಮೂರನೆಯ ಲಿಯೋರವರ ಸ್ಮರಣೆಯೇ ಎಂದು ಎರಡು ದಿನಗಳ ಬಳಿಕ ಕಾರ್ಡಿನಲ್‌ರಿಗೆ ತಿಳಿಸಿದರು. ಅಗ್ರಹಾರದ ಅಂಗಡಿಯ ಸಂಬಳದ ಲೆಕ್ಕಕ್ಕೂ ರೋಮಿನ ಪೀಠದ ಆ ಹೆಸರಿಗೂ ಇರುವ ಸಂಬಂಧವನ್ನು ನಮ್ಮ ಕುಟುಂಬಗಳು ಅರಿಯುವುದು ಒಳ್ಳೆಯದು. ಆದ್ದರಿಂದ ಈ ವಾರ ಆ ಮಹನೀಯರ ಜೀವನವನ್ನು ಸ್ಮರಿಸೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹದಿಮೂರನೆಯ ಲಿಯೋರವರ ಹುಟ್ಟುಹೆಸರು ವಿನ್ಸೆಂಝೊ ಜೊವಾಕಿನೊ ಪೆಚ್ಚಿ. ರೋಮಿಗೆ ಆಗ್ನೇಯದಲ್ಲಿರುವ ಗುಡ್ಡಗಾಡಿನ ಊರು ಕಾರ್ಪಿನೇತೊದಲ್ಲಿ 1810ರ ಮಾರ್ಚ್ 2ರಂದು ಜನಿಸಿದರು. ತಂದೆ ಲುದೊವಿಕೊ ಪೆಚ್ಚಿ, ತಾಯಿ ಅನ್ನ. ಏಳು ಗಂಡುಮಕ್ಕಳಲ್ಲಿ ಇವರು ಆರನೆಯವರು. ಮನೆತನಕ್ಕೆ ಕೌಂಟ್ ಎಂಬ ಬಿರುದಿತ್ತು. ಹೀಗಾಗಿ ಕೂಲಿಯವನ ಮನೆಯ ಹಸಿವು ಬಾಲಕನಿಗೆ ಸ್ವಂತ ಅನುಭವದಿಂದ ಬಂದುದಲ್ಲ. ಅದನ್ನು ಅವರು ಮುಂದೆ ಕಣ್ಣಾರೆ ಕಂಡು ಅರಿತುಕೊಂಡರು.

ಎಂಟನೆಯ ವಯಸ್ಸಿನಲ್ಲಿ ಅಣ್ಣನೊಂದಿಗೆ ವಿತೆರ್ಬೊ ನಗರದ ಯೇಸುಸಭೆಯ ಶಾಲೆಗೆ ಸೇರಿದರು. ಲತೀನ್ ಭಾಷೆಯಲ್ಲಿ ಅಸಾಧಾರಣ ಪ್ರಾವೀಣ್ಯ ಪಡೆದರು. ಆ ಭಾಷೆಯಲ್ಲಿ ಕವಿತೆ ರಚಿಸುವ ಹವ್ಯಾಸ ಕಡೆಯ ದಿನಗಳವರೆಗೂ ಉಳಿಯಿತು. 1824ರಲ್ಲಿ ತಾಯಿ ತೀರಿಕೊಂಡರು. ಅನಂತರ ರೋಮಿನಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ, ಕಾನೂನುಗಳನ್ನು ಅಭ್ಯಾಸ ಮಾಡಿ 1837ರ ಡಿಸೆಂಬರ್ 31ರಂದು ಗುರುದೀಕ್ಷೆ ಪಡೆದರು.

ಆಡಳಿತದ ಅನುಭವ

ಆ ಕಾಲದಲ್ಲಿ ಇಟಲಿಯ ನಡುಭಾಗದ ವಿಶಾಲ ಪ್ರದೇಶವು ಜಗದ್ಗುರುಗಳ ಆಡಳಿತಕ್ಕೆ ಒಳಪಟ್ಟಿತ್ತು. ತರುಣ ಗುರು ಪೆಚ್ಚಿಯವರನ್ನು 1838ರಲ್ಲಿ ಬೆನೆವೆಂತೊ ಎಂಬ ಪ್ರಾಂತಕ್ಕೆ ಆಡಳಿತಾಧಿಕಾರಿಯಾಗಿ ಕಳುಹಿಸಲಾಯಿತು. ದರೋಡೆಕೋರರು ಮತ್ತು ಕಳ್ಳಸಾಗಣೆಗಾರರು ತುಂಬಿದ್ದ ಸೀಮೆ ಅದು. ಹೋದ ಕೆಲವೇ ದಿನಗಳಲ್ಲಿ ವಿಷಮಶೀತಜ್ವರಕ್ಕೆ ತುತ್ತಾಗಿ ಸಾವಿನ ದವಡೆಯಿಂದ ಪಾರಾದರು. ಚೇತರಿಸಿಕೊಂಡ ಮೇಲೆ ದರೋಡೆಕೋರರನ್ನೂ, ಅವರಿಗೆ ಬೆಂಬಲವಾಗಿ ನಿಂತಿದ್ದ ದೊಡ್ಡ ಮನೆತನದವರನ್ನೂ ಹದ್ದುಬಸ್ತಿಗೆ ತಂದರು. 1841ರಲ್ಲಿ ಪೆರೂಜಾ ಪ್ರಾಂತಕ್ಕೆ ವರ್ಗವಾದರು. ಸಾಲಗಾರರ ಕೈಗೆ ಸಿಕ್ಕಿ ನಲುಗುತ್ತಿದ್ದ ರೈತರಿಗೂ ಸಣ್ಣ ವ್ಯಾಪಾರಿಗಳಿಗೂ ಕಡಿಮೆ ಬಡ್ಡಿಯಲ್ಲಿ ಹಣ ಸಿಗುವಂತೆ ಅಲ್ಲಿ ಉಳಿತಾಯ ಬ್ಯಾಂಕನ್ನು ಸ್ಥಾಪಿಸಲು ನೆರವಾದರು.

1843ರಲ್ಲಿ ಮಹಾಧರ್ಮಾಧ್ಯಕ್ಷ ಪದವಿಯೊಡನೆ ಜಗದ್ಗುರುಗಳ ರಾಯಭಾರಿಯಾಗಿ ಬೆಲ್ಜಿಯಂ ದೇಶಕ್ಕೆ ತೆರಳಿದರು. ಯೂರೋಪಿನ ಒಳನಾಡುಗಳಲ್ಲಿ ಎಲ್ಲಕ್ಕಿಂತ ಮೊದಲು ಕಾರ್ಖಾನೆಗಳು ಬೆಳೆದ ದೇಶ ಬೆಲ್ಜಿಯಂ. ಕಲ್ಲಿದ್ದಲ ಗಣಿಗಳು, ನೂಲಿನ ಗಿರಣಿಗಳು, ಉಗಿಬಂಡಿಗಳು, ಅವುಗಳ ಸುತ್ತ ಬೆಳೆದ ಕೊಳೆಗೇರಿಗಳು - ಇವು ಗುಡ್ಡಗಾಡಿನ ಊರಿನಿಂದ ಬಂದ ಪೆಚ್ಚಿಯವರಿಗೆ ಹೊಸ ಲೋಕವನ್ನೇ ತೋರಿಸಿದವು. ಮರಳುವ ಮುನ್ನ ಲಂಡನ್ ಮತ್ತು ಪ್ಯಾರಿಸ್ ನಗರಗಳನ್ನೂ ಕಂಡರು. ಸಂಪತ್ತು ಹೆಚ್ಚಿದ ಕಡೆಯಲ್ಲೇ ಬಡತನವೂ ದಟ್ಟವಾಗಬಲ್ಲದೆಂಬುದು ಅವರಿಗೆ ಕಣ್ಣಿಗೆ ಕಂಡ ಸತ್ಯವಾಯಿತು.

1846ರಲ್ಲಿ ಪೆರೂಜಾದ ಧರ್ಮಾಧ್ಯಕ್ಷರಾಗಿ ಮರಳಿ ಬಂದರು. ಮುಂದಿನ 32 ವರ್ಷಗಳ ಕಾಲ ಆ ಧರ್ಮಕ್ಷೇತ್ರದ ಹೊಣೆ ಅವರದಾಗಿತ್ತು. 1853ರಲ್ಲಿ ಕಾರ್ಡಿನಲ್ ಪದವಿ ದೊರೆಯಿತು. ಬರಗಾಲ ಬಂದಾಗ ಬಡವರಿಗೆ ಊಟದ ವ್ಯವಸ್ಥೆ ಮಾಡಿದರು. ಗುರುಮಠದ ವಿದ್ಯಾರ್ಥಿಗಳ ಪಾಠಪ್ರವಚನಗಳನ್ನು ಸ್ವತಃ ಗಮನಿಸುತ್ತಿದ್ದರು. ಈ ಅವಧಿಯ ಕೊನೆಯಲ್ಲಿ, ಧರ್ಮಸಭೆ ಮತ್ತು ನಾಗರಿಕತೆಯನ್ನು ಕುರಿತು ತಮ್ಮ ಜನರಿಗೆ ಬರೆದ ಪತ್ರದಲ್ಲಿ, ಕಾರ್ಖಾನೆಗಳಲ್ಲಿ ಎಳೆಯ ಮಕ್ಕಳನ್ನು ದುಡಿಸಿ ಸವೆಸುವುದನ್ನು ಖಂಡಿಸಿದರು.

ಮೈಸೂರಿಗೆ ಸಂದ ಉಪಕಾರ

1878ರ ಫೆಬ್ರವರಿ 20ರಂದು ಕಾರ್ಡಿನಲ್ ಪೆಚ್ಚಿಯವರು ಜಗದ್ಗುರುಗಳಾಗಿ ಆಯ್ಕೆಯಾದರು. ಆಗ ಅವರಿಗೆ 67 ವರ್ಷ ತುಂಬಿತ್ತು, ದೇಹ ಕೃಶವಾಗಿತ್ತು. ಹೆಚ್ಚು ಕಾಲ ಬಾಳಲಾರರೆಂದು ಭಾವಿಸಿದವರೇ ಹೆಚ್ಚು. ಆದರೆ ಅವರು 25 ವರ್ಷಗಳ ಕಾಲ ಧರ್ಮಸಭೆಯನ್ನು ಮುನ್ನಡೆಸಿದರು. 1870ರಲ್ಲಿ ರೋಮ್ ನಗರ ಇಟಲಿಯ ವಶವಾದಂದಿನಿಂದ ಜಗದ್ಗುರುಗಳು ವ್ಯಾಟಿಕನ್ ಆವರಣ ಬಿಟ್ಟು ಹೊರಬರುತ್ತಿರಲಿಲ್ಲ. ರಾಜ್ಯವೂ ಇಲ್ಲದೆ, ಸೇನೆಯೂ ಇಲ್ಲದೆ, ನಾಲ್ಕು ಗೋಡೆಗಳ ನಡುವೆ ಕುಳಿತೇ ಅವರು ಲೋಕದೊಡನೆ ಮಾತನಾಡಿದರು. ಅದಕ್ಕೆ ಅವರು ಬಳಸಿದ ಸಾಧನ ವಿಶ್ವಪತ್ರ.

ನಮ್ಮ ಮನೆಗಳಲ್ಲಿ ಅಕ್ಟೋಬರ್ ತಿಂಗಳನ್ನು ಜಪಮಾಲೆಯ ತಿಂಗಳೆಂದು ಆಚರಿಸುವುದಕ್ಕೆ ಉತ್ತೇಜನ ಕೊಟ್ಟವರು ಇವರೇ. ಜಪಮಾಲೆಯ ಬಗ್ಗೆಯೇ ವರ್ಷ ವರ್ಷವೂ ಪತ್ರಗಳನ್ನು ಬರೆದರು. ಪ್ರಧಾನ ದೂತ ಸಂತ ಮಿಕಾಯೇಲರ ಪ್ರಾರ್ಥನೆಯೂ ಇವರಿಂದ ಬಂದುದೇ.

ಮೈಸೂರಿನ ಕಥೋಲಿಕರಿಗೆ ಇವರ ಋಣ ಇನ್ನೂ ಹೆಚ್ಚು. ಭಾರತದ ಧರ್ಮಸಭೆಗೆ ಕ್ರಮಬದ್ಧವಾದ ಧರ್ಮಕ್ಷೇತ್ರಗಳ ವ್ಯವಸ್ಥೆಯನ್ನು 1886ರ ಸೆಪ್ಟೆಂಬರ್ 1ರ ಆಜ್ಞಾಪತ್ರದ ಮೂಲಕ ಕಲ್ಪಿಸಿದವರು ಹದಿಮೂರನೆಯ ಲಿಯೋ. ಅಲ್ಲಿಯವರೆಗೆ ಧರ್ಮಪ್ರಚಾರದ ಪ್ರಾಂತವಾಗಿದ್ದ ಮೈಸೂರು ಆಗ ಧರ್ಮಕ್ಷೇತ್ರದ ಸ್ಥಾನಮಾನ ಪಡೆಯಿತು. ಬೆಂಗಳೂರು ಕೂಡ ಅಂದು ಇದೇ ಧರ್ಮಕ್ಷೇತ್ರಕ್ಕೆ ಸೇರಿತ್ತು, 1940ರಲ್ಲಿ ಬೇರೆಯಾಯಿತು. ಭಾರತದ ಧರ್ಮಸಭೆ ಭಾರತದ ಗುರುಗಳಿಂದಲೇ ನಡೆಯಬೇಕೆಂಬ ಆಶಯದಿಂದ 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಗುರುಮಠವನ್ನು ತೆರೆದವರೂ ಇವರೇ. ಅದು 1955ರಲ್ಲಿ ಪುಣೆಗೆ ಸ್ಥಳಾಂತರಗೊಂಡಿತು.

ಕಾರ್ಮಿಕರ ಕೂಗು

ಅವರ ಕಾಲದಲ್ಲಿ ಪ್ರಪಂಚದ ಎಲ್ಲೆಡೆ ದುಡಿಮೆಯ ಸ್ವರೂಪ ಬದಲಾಗುತ್ತಿತ್ತು. ಮೈಸೂರು ಸಂಸ್ಥಾನದಲ್ಲೇ ಕೋಲಾರದ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ ಸಾವಿರಾರು ಜನ ನೆಲದಾಳಕ್ಕೆ ಇಳಿಯತೊಡಗಿದ್ದರು. ಹಳೆಯ ಕಾಲದ ಕಸಬುದಾರರ ಸಂಘಗಳು ಅಳಿದಿದ್ದವು, ಹೊಸ ಸಂಘಗಳಿಗೆ ಮಾನ್ಯತೆ ಇರಲಿಲ್ಲ. ಒಬ್ಬೊಬ್ಬ ಕೂಲಿಯಾಳೂ ಒಂಟಿಯಾಗಿ ಗಿರಣಿಯ ಒಡೆಯನ ಎದುರು ನಿಲ್ಲಬೇಕಾಗಿತ್ತು.

ಇದನ್ನು ಕಂಡು ಮರುಗಿದ ಧರ್ಮಸಭೆಯ ಮಕ್ಕಳು ಹಲವು ಕಡೆ ಕೆಲಸಕ್ಕೆ ತೊಡಗಿದ್ದರು. ಜರ್ಮನಿಯ ಮೈನ್ಸ್ ನಗರದ ಧರ್ಮಾಧ್ಯಕ್ಷ ಕೆಟ್ಟೆಲರ್ ಅವರು ಕಾರ್ಮಿಕರ ಪ್ರಶ್ನೆಯನ್ನು ಮೊದಲೇ ಎತ್ತಿದ್ದರು. ಫ್ರಾನ್ಸಿನ ನೂಲಿನ ಗಿರಣಿಯ ಒಡೆಯ ಲಿಯೊನ್ ಅರ್ಮೆಲ್ ಎಂಬ ಭಕ್ತರು ಸಾವಿರಾರು ಕಾರ್ಮಿಕರನ್ನು ಯಾತ್ರೆಯಾಗಿ ರೋಮಿಗೆ ಕರೆತಂದು ಜಗದ್ಗುರುಗಳ ಮುಂದೆ ನಿಲ್ಲಿಸಿದರು. ಅಮೆರಿಕದ ಕಾರ್ಡಿನಲ್ ಗಿಬ್ಬನ್ಸ್ ಅವರು 1887ರಲ್ಲಿ ತಮ್ಮ ದೇಶದ ಕಾರ್ಮಿಕ ಸಂಘವನ್ನು ಧರ್ಮಸಭೆ ಖಂಡಿಸಬಾರದೆಂದು ರೋಮಿನಲ್ಲಿ ವಾದಿಸಿ ಗೆದ್ದರು. ಲಂಡನ್ ಬಂದರಿನ ಹಮಾಲರು 1889ರಲ್ಲಿ ಗಂಟೆಗೆ 5 ಪೆನ್ಸ್ ಸಾಲದು, 6 ಪೆನ್ಸ್ ಬೇಕೆಂದು ಮುಷ್ಕರ ಹೂಡಿದಾಗ, 81 ವರ್ಷದ ಕಾರ್ಡಿನಲ್ ಮ್ಯಾನಿಂಗ್ ಅವರೇ ಮಾಲೀಕರಿಗೂ ಹಮಾಲರಿಗೂ ನಡುವೆ ನಿಂತು ಸಂಧಾನ ಮಾಡಿಸಿದರು. ಗಂಟೆಗೆ ಒಂದು ಪೆನ್ನಿಯ ಹೆಚ್ಚಳಕ್ಕಾಗಿ ಒಬ್ಬ ಕಾರ್ಡಿನಲ್ ಬೀದಿಗಿಳಿದುದು ಲೋಕದ ಗಮನ ಸೆಳೆಯಿತು.

1891ರ ವಿಶ್ವಪತ್ರ

ಈ ಎಲ್ಲ ಧ್ವನಿಗಳನ್ನು ಆಲಿಸಿದ ಜಗದ್ಗುರುಗಳು 1891ರ ಮೇ 15ರಂದು ರೇರುಂ ನೊವಾರುಂ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಯೇಸುಸಭೆಯ ಲಿಬೆರತೋರೆ ಎಂಬ ಪಂಡಿತರು ಮೊದಲ ಕರಡನ್ನೂ ಕಾರ್ಡಿನಲ್ ಝಿಲ್ಯಾರ ಅವರು ಎರಡನೆಯದನ್ನೂ ಸಿದ್ಧಪಡಿಸಿದ್ದರು. ಹಲವು ಸಲ ತಿದ್ದಿದ ಬಳಿಕವೇ ಅದು ಪ್ರಕಟವಾಯಿತು. ಅದೇ ವರ್ಷ ನಮ್ಮ ದೇಶದಲ್ಲಿ ಬ್ರಿಟಿಷ್ ಸರ್ಕಾರ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ಹೆಂಗಸರ ದುಡಿಮೆಯನ್ನು ದಿನಕ್ಕೆ 11 ಗಂಟೆಗೆ ಮಿತಿಗೊಳಿಸಿ, ವಾರಕ್ಕೊಂದು ರಜೆಯನ್ನು ಕಡ್ಡಾಯ ಮಾಡಿತು ಎಂಬುದನ್ನು ನೆನೆದರೆ ಆ ಕಾಲದ ಸ್ಥಿತಿ ಅರ್ಥವಾಗುತ್ತದೆ.

ವಿಶ್ವಪತ್ರವು ಖಾಸಗಿ ಆಸ್ತಿಯ ಹಕ್ಕನ್ನು ಎತ್ತಿಹಿಡಿಯಿತು, ವರ್ಗದ್ವೇಷವನ್ನು ತಳ್ಳಿಹಾಕಿತು. ಒಪ್ಪಿಕೊಂಡ ಕೆಲಸವನ್ನು ಪ್ರಾಮಾಣಿಕವಾಗಿ ಪೂರೈಸಬೇಕು, ಒಡೆಯನ ಸ್ವತ್ತಿಗೆ ಹಾನಿ ಮಾಡಬಾರದು ಎಂದು ಕಾರ್ಮಿಕರಿಗೂ ಹೇಳಿತು. ಸಂಘ ಕಟ್ಟಿಕೊಳ್ಳುವುದು ಅವರ ಸಹಜ ಹಕ್ಕೆಂದು ಸಾರಿತು. ಭಾನುವಾರದ ವಿಶ್ರಾಂತಿ, ಮಕ್ಕಳ ಮತ್ತು ಹೆಂಗಸರ ರಕ್ಷಣೆಗಳ ಬಗ್ಗೆ ಮಾತನಾಡಿತು. ಆದರೆ ಅದರ ಹೃದಯಭಾಗ ಇರುವುದು ಕೂಲಿಯನ್ನು ಕುರಿತ ವಿಚಾರದಲ್ಲಿ.

ಅಂದಿನ ಅರ್ಥಶಾಸ್ತ್ರಜ್ಞರಲ್ಲಿ ಹಲವರ ವಾದ ಸರಳವಾಗಿತ್ತು. ಒಡೆಯ ಇಷ್ಟು ಕೊಡುತ್ತೇನೆಂದ, ಆಳು ಒಪ್ಪಿದ. ಒಪ್ಪಿದಷ್ಟನ್ನು ಕೊಟ್ಟ ಮೇಲೆ ನ್ಯಾಯ ಸಂದಿತು, ಇನ್ನು ಪ್ರಶ್ನೆಯೇ ಇಲ್ಲ. ಜಗದ್ಗುರುಗಳು ಈ ವಾದವನ್ನು ಬಿಡಿಸಿ ನೋಡಿದರು. ದುಡಿಮೆಗೆ ಎರಡು ಗುಣಗಳಿವೆ ಎಂದರು. ಒಂದನೆಯದಾಗಿ ಅದು ದುಡಿಯುವವನ ಸ್ವಂತದ್ದು. ಆ ಕಾರಣದಿಂದ ಅದನ್ನು ಅವನು ಕಡಿಮೆ ಬೆಲೆಗೂ ಕೊಡಬಹುದು, ಪುಕ್ಕಟೆಯಾಗಿಯೂ ಕೊಡಬಹುದು. ಎರಡನೆಯದಾಗಿ ಅದು ಅವನಿಗೆ ಅನಿವಾರ್ಯವಾದದ್ದು. ಅದರ ಫಲವಿಲ್ಲದೆ ಅವನು ಬದುಕಲಾರ. ಬದುಕಿ ಬಾಳುವುದು ದೇವರು ಪ್ರತಿಯೊಬ್ಬನ ಮೇಲೆ ಇಟ್ಟಿರುವ ಕರ್ತವ್ಯ. ಕರ್ತವ್ಯವನ್ನು ಯಾರೂ ಚೌಕಾಸಿಯಲ್ಲಿ ಮಾರಿಕೊಳ್ಳಲಾಗದು. ಆದುದರಿಂದ ಮಿತವಾಗಿ, ಸನ್ನಡತೆಯಿಂದ ಬಾಳುವ ದುಡಿಮೆಗಾರನ ಜೀವನಕ್ಕೆ ಸಾಲದಷ್ಟು ಕೂಲಿಯು, ಇಬ್ಬರೂ ಒಪ್ಪಿದ್ದರೂ, ನ್ಯಾಯವಾದುದಲ್ಲ.

ಮಗುವಿಗೆ ಜ್ವರ ಏರಿದ ರಾತ್ರಿ ಕಿವಿಯೋಲೆಯನ್ನು ಕಾಲು ಬೆಲೆಗೆ ಮಾರುವ ತಾಯಿಯನ್ನು ನೆನೆಯಿರಿ. ಅವಳು ಒಪ್ಪಿಯೇ ಮಾರುತ್ತಾಳೆ. ಆದರೆ ಕೊಂಡವನು ನ್ಯಾಯವಾಗಿ ಕೊಂಡನೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಕಷ್ಟಕ್ಕೆ ಸಿಕ್ಕಿ, ಇನ್ನೂ ಕೆಟ್ಟದ್ದಕ್ಕೆ ಹೆದರಿ ಒಪ್ಪಿದ ಕೂಲಿಯೂ ಅಂಥದ್ದೇ ಎಂಬುದು ಜಗದ್ಗುರುಗಳ ತೀರ್ಮಾನ. ಹಾಗೆಂದು ಎಲ್ಲವನ್ನೂ ಸರ್ಕಾರವೇ ನಿಗದಿ ಮಾಡಬೇಕೆಂದು ಅವರು ಹೇಳಲಿಲ್ಲ. ಆಯಾ ಕಸಬಿನವರ ಸಂಘಗಳೋ ಮಂಡಲಿಗಳೋ ಮೊದಲು ಇತ್ಯರ್ಥ ಮಾಡಲಿ, ಅಗತ್ಯ ಬಿದ್ದಾಗ ಸರ್ಕಾರ ಅದಕ್ಕೆ ಬಲ ಕೊಡಲಿ ಎಂದರು. ಮಿತವ್ಯಯಿಯಾದ ಕೆಲಸಗಾರನು ಸ್ವಲ್ಪ ಉಳಿಸಿ, ಕಾಲಕ್ರಮದಲ್ಲಿ ಅಂಗೈಯಗಲ ನೆಲಕ್ಕಾದರೂ ಒಡೆಯನಾಗುವಂತಿರಬೇಕು ಎಂಬುದು ಅವರ ಆಸೆಯಾಗಿತ್ತು.

ಉಳಿದ ಪ್ರಶ್ನೆ

ಪತ್ರ ಪ್ರಕಟವಾದ ಕೂಡಲೇ ಒಂದು ಸಂದೇಹ ಎದ್ದಿತು. ನ್ಯಾಯವಾದ ಕೂಲಿ ಎಂದರೆ ಒಬ್ಬನ ಹೊಟ್ಟೆಗೆ ಸಾಲುವಷ್ಟೋ, ಅವನ ಹೆಂಡತಿ ಮಕ್ಕಳಿಗೂ ಸಾಲುವಷ್ಟೋ? ಬೆಲ್ಜಿಯಂನ ಮೆಕ್ಲಿನ್ ನಗರದ ಮಹಾಧರ್ಮಾಧ್ಯಕ್ಷರು ಈ ಪ್ರಶ್ನೆಯನ್ನು ರೋಮಿಗೆ ಕಳುಹಿಸಿದರು. ಉತ್ತರ ಬರೆದ ಕಾರ್ಡಿನಲ್ ಝಿಲ್ಯಾರ ಅವರು, ಕೆಲಸಗಾರನ ಸ್ವಂತ ಜೀವನಕ್ಕೆ ಸಾಲುವಷ್ಟು ಕೊಟ್ಟ ಒಡೆಯನು ಕಟ್ಟುನಿಟ್ಟಾದ ನ್ಯಾಯಕ್ಕೆ ವಿರುದ್ಧವಾಗಿ ಪಾಪ ಮಾಡಿದಂತಾಗದು, ಆದರೆ ಪರಪ್ರೀತಿಗೆ ವಿರುದ್ಧವಾಗಿ ತಪ್ಪಿದಂತಾಗಬಹುದು ಎಂಬ ಅಭಿಪ್ರಾಯಕ್ಕೆ ಬಂದರು. ಈ ಉತ್ತರ ಹಲವರಿಗೆ ಸಮಾಧಾನ ತರಲಿಲ್ಲ. ಚರ್ಚೆ ನಲವತ್ತು ವರ್ಷ ನಡೆಯಿತು.

1931ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್ ಅವರು ಲಿಯೋರವರ ಪತ್ರದ ನಲವತ್ತನೆಯ ವರ್ಷದ ನೆನಪಿಗೆ ಬರೆದ ವಿಶ್ವಪತ್ರದಲ್ಲಿ ಇದನ್ನು ಸ್ಪಷ್ಟಗೊಳಿಸಿದರು. ಕೂಲಿಯು ಕೆಲಸಗಾರನಿಗೂ ಅವನ ಕುಟುಂಬಕ್ಕೂ ಸಾಕಾಗುವಂತಿರಬೇಕು. ಅದರ ಜೊತೆಗೆ ಉದ್ಯಮದ ಸ್ಥಿತಿಯನ್ನೂ ಸಮಾಜದ ಒಟ್ಟು ಹಿತವನ್ನೂ ನೋಡಬೇಕು. ಉದ್ಯಮವನ್ನೇ ಮುಳುಗಿಸುವ ಕೂಲಿಯನ್ನು ಕೇಳುವುದೂ ತಪ್ಪು. ಆದರೆ ಒಡೆಯನ ಸೋಮಾರಿತನದಿಂದಲೋ ಅದಕ್ಷತೆಯಿಂದಲೋ ಲಾಭ ಕುಗ್ಗಿದ್ದರೆ ಅದನ್ನು ಕೂಲಿ ಕಡಿತಕ್ಕೆ ನೆಪ ಮಾಡಬಾರದು.

ಈ ನಡುವೆ ಕಾನೂನುಗಳೂ ಬಂದಿದ್ದವು. ನ್ಯೂಜಿಲೆಂಡ್ 1894ರಲ್ಲೂ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ 1896ರಲ್ಲೂ ಬ್ರಿಟನ್ 1909ರಲ್ಲೂ ಕೂಲಿಯನ್ನು ಗೊತ್ತುಪಡಿಸುವ ವ್ಯವಸ್ಥೆ ಮಾಡಿದವು. ಲಿಯೋರವರ ಪತ್ರವನ್ನು ಆಳವಾಗಿ ಅಭ್ಯಾಸ ಮಾಡಿದ್ದ ಜಾನ್ ರಯಾನ್ ಎಂಬ ಗುರುಗಳು ಜೀವನಾಧಾರದ ಕೂಲಿಯ ಬಗ್ಗೆ 1906ರಲ್ಲಿ ಗ್ರಂಥ ಬರೆದು, ಅಮೆರಿಕದ ಮಿನ್ನೆಸೋಟ ರಾಜ್ಯದ 1913ರ ಕನಿಷ್ಠ ವೇತನ ಕಾನೂನನ್ನು ರೂಪಿಸಲು ನೆರವಾದರು.

ನಮ್ಮ ನಾಡಿನ ಲೆಕ್ಕ

ಭಾರತದಲ್ಲಿ ಕನಿಷ್ಠ ವೇತನದ ಮಸೂದೆಯನ್ನು 1946ರ ಏಪ್ರಿಲ್ 11ರಂದು ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದವರು ಅಂದು ಕಾರ್ಮಿಕ ಖಾತೆಯ ಹೊಣೆ ಹೊತ್ತಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು. ಅದು 1948ರಲ್ಲಿ ಕಾಯಿದೆಯಾಯಿತು. ಬೀಡಿ ಕಟ್ಟುವುದು, ಕಲ್ಲು ಒಡೆಯುವುದು, ಅಕ್ಕಿ ಗಿರಣಿ, ತೋಟದ ಕೆಲಸಗಳು ಮೊದಲ ಪಟ್ಟಿಯಲ್ಲೇ ಸೇರಿದ್ದವು. ಆದರೆ ಕನಿಷ್ಠ ಎಂದರೆ ಎಷ್ಟು ಎಂಬುದನ್ನು ಕಾಯಿದೆ ಹೇಳಿರಲಿಲ್ಲ. 1957ರಲ್ಲಿ ಸೇರಿದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಲೆಕ್ಕ ಕೊಟ್ಟಿತು. ದುಡಿಯುವವನನ್ನು 1 ಘಟಕ, ಹೆಂಡತಿಯನ್ನು 0.8, ಇಬ್ಬರು ಮಕ್ಕಳನ್ನು ತಲಾ 0.6 ಎಂದು ಎಣಿಸಿ ಒಟ್ಟು 3 ಘಟಕಗಳು. ಒಬ್ಬ ವಯಸ್ಕನಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಮುಂತಾದವಕ್ಕೆ ಒಟ್ಟು ವೇತನದ ಶೇ. 20. ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಇದಕ್ಕೆ ಮಕ್ಕಳ ವಿದ್ಯೆ, ಔಷಧೋಪಚಾರ, ಹಬ್ಬಹರಿದಿನ, ಮುಪ್ಪು, ಮದುವೆಗಳ ಖರ್ಚಿಗೆಂದು ಶೇ. 25ರಷ್ಟನ್ನು ಸೇರಿಸಬೇಕೆಂದಿತು. 2025ರ ನವೆಂಬರ್ 21ರಿಂದ 1948ರ ಕಾಯಿದೆಯ ಸ್ಥಾನದಲ್ಲಿ ವೇತನ ಸಂಹಿತೆ ಜಾರಿಗೆ ಬಂದಿತು. ಕಾನೂನು ಹೊಸದಾದರೂ ಪ್ರಶ್ನೆ ಹಳೆಯದೇ.

ಈ ಲೆಕ್ಕವನ್ನು ನಮ್ಮ ಕುಟುಂಬಗಳು ಕೊಂಚ ನಿಧಾನವಾಗಿ ಓದಬೇಕು. ಮೆಕ್ಲಿನ್‌ನಿಂದ ರೋಮಿಗೆ ಹೋದ ಪ್ರಶ್ನೆಗೆ, ಅಂದರೆ ಹೆಂಡತಿ ಮಕ್ಕಳು ಲೆಕ್ಕಕ್ಕೆ ಸೇರುತ್ತಾರೆಯೇ ಎಂಬುದಕ್ಕೆ, 1957ರ ಲೆಕ್ಕ ಸೇರುತ್ತಾರೆಂದು ಉತ್ತರಿಸಿದೆ. ಆದರೆ ಮನೆಯ ಮೂಲೆಯಲ್ಲಿ ಕುಳಿತ ವೃದ್ಧ ತಂದೆತಾಯಿಗಳಿಗೆ ಆ 3 ಘಟಕಗಳಲ್ಲಿ ಸ್ಥಳವಿಲ್ಲ. ತಂದೆತಾಯಿಗಳನ್ನು ಗೌರವಿಸಬೇಕೆಂಬ ದೈವಾಜ್ಞೆಯನ್ನು ಪಾಲಿಸುವ ಕೆಲಸಗಾರನು ತನ್ನ ಮಕ್ಕಳ ಪಾಲಿನಿಂದ ತೆಗೆದು ಅವರಿಗೆ ಉಣಿಸಬೇಕಾಗುತ್ತದೆ. ವೇತನದ ಚರ್ಚೆ ಎಂದರೆ ಬರಿಯ ಅಂಕಿಗಳ ಜಗಳವಲ್ಲ. ಒಂದು ಮನೆಯಲ್ಲಿ ಯಾರು ಯಾರನ್ನು ಎಣಿಸಬೇಕೆಂಬ ವಿಚಾರ.

ಎದುರು ಪಕ್ಷದ ಮಾತನ್ನೂ ಅಲಕ್ಷ್ಯ ಮಾಡಲಾಗದು. ವೇತನ ಒಮ್ಮೆಲೇ ಏರಿದರೆ ಸಣ್ಣ ಉದ್ಯಮಗಳು ಮುಚ್ಚಬೇಕಾದೀತು, ದೊಡ್ಡವು ನೆರೆಯ ರಾಜ್ಯಗಳಿಗೆ ಹೋದಾವು, ಇರುವ ಕೆಲಸವೂ ಕೈತಪ್ಪೀತು ಎಂಬುದು ಉದ್ಯಮಿಗಳ ಆತಂಕ. ಅಗ್ರಹಾರದಲ್ಲಿ ಒಂದು ಪುಟ್ಟ ಅಂಗಡಿ ಇಟ್ಟು ಒಬ್ಬ ಸಹಾಯಕನನ್ನು ಇರಿಸಿಕೊಂಡವನಿಗೆ ತನ್ನ ಸ್ವಂತ ಆದಾಯವೇ ಆ ಸಹಾಯಕನ ಕಾನೂನುಬದ್ಧ ವೇತನಕ್ಕಿಂತ ತೀರ ಹೆಚ್ಚಿರಲಿಕ್ಕಿಲ್ಲ. ಆತನ ಸಂಕಟ ನಿಜವಾದದ್ದು. ಅಂಥವನಿಗೆ ಸುಲಭ ಸಾಲ, ತೆರಿಗೆಯ ರಿಯಾಯಿತಿ, ಹಂತಹಂತವಾದ ಜಾರಿಗಳ ಮೂಲಕ ನೆರವಾಗುವುದು ಸರ್ಕಾರದ ಹೊಣೆ. ಪೆರೂಜಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕು ತೆರೆಯಲು ನೆರವಾದ ಪೆಚ್ಚಿಯವರು ಇದನ್ನು ಅಲ್ಲಗಳೆಯುತ್ತಿರಲಿಲ್ಲ.

ಹದಿಮೂರನೆಯ ಲಿಯೋ ನಮಗೆ ರೂಪಾಯಿಯ ಅಂಕಿಯನ್ನು ಕೊಟ್ಟಿಲ್ಲ. ಅವರು ಕೊಟ್ಟದ್ದು ಪ್ರಶ್ನೆಗಳನ್ನು ಕೇಳಬೇಕಾದ ಕ್ರಮವನ್ನು. ಈ ದರಕ್ಕೆ ಆಳು ಸಿಗುತ್ತಾನೆಯೇ ಎಂದು ಮೊದಲು ಕೇಳುವುದು ಸಂತೆಯ ಕ್ರಮ. ಇದರಿಂದ ಅವನ ಮನೆ ಬದುಕುತ್ತದೆಯೇ ಎಂದು ಮೊದಲು ಕೇಳಿ, ಬಳಿಕ ಕೊಡುವವನ ಶಕ್ತಿಯನ್ನು ವಿಚಾರಿಸುವುದು ನ್ಯಾಯದ ಕ್ರಮ. ಕೊಡುವ ಶಕ್ತಿ ಇಲ್ಲದಿದ್ದರೆ ಅದನ್ನು ಹೇಗೆ ಹೆಚ್ಚಿಸೋಣ ಎಂದು ಎಲ್ಲರೂ ಕೂಡಿ ಯೋಚಿಸಬೇಕು. ಬದುಕಿನ ಅಗತ್ಯವನ್ನೇ ಕತ್ತರಿಸಿ ಶಕ್ತಿಗೆ ಸರಿಹೊಂದಿಸಬಾರದು.

ನಮ್ಮ ಹೊಸ್ತಿಲಲ್ಲಿ

ಈ ಚರ್ಚೆಯನ್ನು ಸರ್ಕಾರ ಮತ್ತು ಉದ್ಯಮಿಗಳ ನಡುವಿನದೆಂದು ಬಿಟ್ಟುಬಿಡುವುದು ಸುಲಭ. ಆದರೆ ನಮ್ಮಲ್ಲಿ ಅನೇಕ ಕುಟುಂಬಗಳು ಮನೆಗೆಲಸಕ್ಕೆ ಒಬ್ಬರನ್ನು ಇರಿಸಿಕೊಂಡಿವೆ. ಮನೆಗೆಲಸದವರಿಗೂ ಕನಿಷ್ಠ ವೇತನ ಉಂಟೆಂದು ನಮ್ಮ ಕರ್ನಾಟಕವು 2004ರಲ್ಲಿಯೇ ಅಧಿಸೂಚನೆ ಹೊರಡಿಸಿತ್ತು. ಅದನ್ನು ತಿಳಿದು ಸಂಬಳ ನಿಗದಿ ಮಾಡಿದ ಮನೆಗಳು ಎಷ್ಟು? ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ ಎಂದು ಕೇಳಿ ಅಷ್ಟನ್ನೇ ಕೊಡುವುದು ನಮ್ಮೆಲ್ಲರ ರೂಢಿ. ನಮ್ಮ ಧರ್ಮಕೇಂದ್ರಗಳಲ್ಲಿ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಆಯಾಗಳೂ ಅಡುಗೆಯವರೂ ಕಾವಲುಗಾರರೂ ಇದ್ದಾರೆ. ಧರ್ಮಸಭೆಗಾಗಿ ದುಡಿಯುವವರಿಗೆ ಜೀವನಕ್ಕೆ ಸಾಲುವಷ್ಟು ಆದಾಯವೂ ಸಾಮಾಜಿಕ ಭದ್ರತೆಯೂ ಇರಬೇಕೆಂದು 1971ರ ಧರ್ಮಾಧ್ಯಕ್ಷರ ಮಹಾಸಭೆಯು ರೋಮಿನಲ್ಲಿ ತೀರ್ಮಾನಿಸಿತು. ನ್ಯಾಯವನ್ನು ಬೋಧಿಸುವವರು ಮೊದಲು ತಮ್ಮ ಮನೆಯಲ್ಲಿ ನ್ಯಾಯವಂತರಾಗಿರಬೇಕೆಂಬುದು ಅದರ ಸಾರ.

ಪ್ರಭು ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿ ನಮಗೆಲ್ಲ ತಿಳಿದಿದೆ. ಸಂಜೆಯ ಹೊತ್ತಿಗೆ ಬಂದವನಿಗೂ ಒಡೆಯನು ದಿನದ ಪೂರ್ತಿ ಕೂಲಿ ಕೊಟ್ಟ. ಅಂದಿನ ಕಾಲದಲ್ಲಿ ಅದು ಒಂದು ಸಂಸಾರದ ಒಂದು ದಿನದ ಅನ್ನದ ಬೆಲೆ. ತಡವಾಗಿ ಕೆಲಸ ಸಿಕ್ಕವನ ಮಕ್ಕಳಿಗೆ ಹಸಿವು ಕಡಿಮೆಯಿರುವುದಿಲ್ಲ.

ಕೊನೆಯ ದಿನಗಳು

ಹದಿಮೂರನೆಯ ಲಿಯೋ ಇಳಿವಯಸ್ಸಿನಲ್ಲೂ ತಡರಾತ್ರಿಯವರೆಗೆ ಬರೆಯುತ್ತಿದ್ದರು. ಮಿತಾಹಾರಿಗಳು. ಚಲನಚಿತ್ರದಲ್ಲಿ ಮೂಡಿದ, ಧ್ವನಿಮುದ್ರಣದಲ್ಲಿ ದನಿ ಉಳಿಸಿದ ಮೊದಲ ಜಗದ್ಗುರು ಇವರೇ. 1903ರ ಜುಲೈ 20ರಂದು ತಮ್ಮ 93ನೆಯ ವಯಸ್ಸಿನಲ್ಲಿ ದೈವಾಧೀನರಾದರು. 1924ರಲ್ಲಿ ಅವರ ಪಾರ್ಥಿವ ಶರೀರವನ್ನು ರೋಮಿನ ಸಂತ ಯೊವಾನ್ನರ ಲಾತೆರನ್ ಮಹಾದೇವಾಲಯಕ್ಕೆ ಒಯ್ದು ಸಮಾಧಿ ಮಾಡಲಾಯಿತು.

ಅವರ ಪತ್ರ ಒಂದೇ ದಿನದಲ್ಲಿ ಯಾರ ಕೂಲಿಯನ್ನೂ ಏರಿಸಲಿಲ್ಲ. ಆದರೆ ಒಪ್ಪಿದ್ದಾನಲ್ಲ, ಇನ್ನೇನು ಎಂದು ನೆಮ್ಮದಿಯಾಗಿ ಕೈತೊಳೆದುಕೊಳ್ಳುವ ಸೌಕರ್ಯವನ್ನು ಅದು ಕೊಡುವವರ ಅಂತಃಕರಣದಿಂದ ಕಿತ್ತುಕೊಂಡಿತು. ಬರುವ ತಿಂಗಳ ಒಂದನೆಯ ತಾರೀಕು ನಮ್ಮ ಮನೆಯ ಕೆಲಸದವರ ಕೈಗೆ ಸಂಬಳ ಇಡುವಾಗ ಅವರ ಮನೆಯಲ್ಲಿ ಉಣ್ಣುವವರು ಎಷ್ಟು ಜನ ಎಂದು ಒಮ್ಮೆ ಕೇಳಿ ತಿಳಿಯೋಣ. ಮೈಸೂರಿಗೆ ಧರ್ಮಕ್ಷೇತ್ರವನ್ನು ಕೊಟ್ಟ ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಗೌರವ ಅಲ್ಲಿಂದ ಆರಂಭವಾಗಲಿ.